ಇನ್ನು ಒಂಬತ್ತು ದಿನ: ದೂರಿನ ಕಡತದೊಂದಿಗೆ ಮಾತುಕತೆ

ರಾಜ್ಯ ವಕೀಲರ ಪರಿಷತ್ತೊಂದರ ರೆಕಾರ್ಡ್ ರೂಮು. ಯಾವ ರಾಜ್ಯದ್ದು ಎಂದು ಬರೆಯಕೂಡದು ಎಂಬುದು ಸಂದರ್ಶನ ಕೊಟ್ಟವರ ಷರತ್ತು. ನೆಲದಿಂದ ಎರಡನೇ ಹಲಗೆಯಲ್ಲಿ, ತಮ್ಮಂಥವರೇ ನಾಲ್ವರ ಅಡಿಯಲ್ಲಿ ಅವರು ಮಲಗಿದ್ದರು. ಮೈಗೆ ಮಾಸಿದ ಹಳದಿ ರಟ್ಟು, ಎಡ ಮೂಲೆಯಲ್ಲಿ ಬಿಳಿ ಟ್ಯಾಗು, ನೆತ್ತಿಯ ಮೇಲೆ ಟೀ ಲೋಟದ ಉಂಗುರ. ಹೊರಗೆಳೆದು ದೂಳು ಒರೆಸಿದ್ದೇ ತಡ, “ಇವತ್ತು ತಾರೀಖೆಷ್ಟು?” ಎಂದರು. ಹೇಳಿದೆ. “ಹಾಗಾದರೆ ಇನ್ನು ಒಂಬತ್ತು ದಿನ” ಎಂದು ನಿಟ್ಟುಸಿರುಬಿಟ್ಟರು.

ಏನಕ್ಕೆ ಒಂಬತ್ತು ದಿನ?

ನನ್ನ ವರ್ಗಾವಣೆಗೆ. 1961ರ ವಕೀಲರ ಅಧಿನಿಯಮ, ಕಲಂ 36ಬಿ. ದೂರು ಕೈಸೇರಿದ ದಿನದಿಂದ ಒಂದು ವರ್ಷದೊಳಗೆ ರಾಜ್ಯದ ಶಿಸ್ತು ಸಮಿತಿ ವಿಚಾರಣೆ ಮುಗಿಸಬೇಕು. ಮುಗಿಸದಿದ್ದರೆ ನಾನು ತಾನಾಗಿಯೇ ದೆಹಲಿಯ ಭಾರತೀಯ ವಕೀಲರ ಪರಿಷತ್ತಿಗೆ ಹೋಗಬೇಕು. 1973ರ ತಿದ್ದುಪಡಿಯಲ್ಲಿ ಇದನ್ನು ಸೇರಿಸಿದ್ದು ಕೆಲಸ ಬೇಗ ಆಗಲಿ ಅಂತ. ಈಗ ಹೇಗಾಗಿದೆ ಅಂದರೆ, ಕಡತ ಕಷ್ಟದ್ದಾದರೆ ಯಾರೂ ಏನೂ ಮಾಡಬೇಕಾಗಿಲ್ಲ. ಸುಮ್ಮನಿದ್ದರೆ ಸಾಕು, ವರ್ಷ ತುಂಬಿದ ಕೂಡಲೇ ಅದಾಗಿಯೇ ಮನೆ ಖಾಲಿ ಮಾಡುತ್ತದೆ. ಬಾಡಿಗೆಯವರನ್ನು ಬಿಡಿಸಲಿಕ್ಕೂ ಇಷ್ಟು ಸಲೀಸಾದ ಕಾನೂನಿಲ್ಲ ಸ್ವಾಮಿ.

ನಿಮ್ಮೊಳಗಿರುವ ದೂರು ಯಾರದು?

ಒಬ್ಬ ರೈತನದು. ನಾಲೆಗೆ ಜಮೀನು ಹೋಯಿತು. ಪರಿಹಾರ ಸಾಲದು ಅಂತ ವಕೀಲರನ್ನು ಹಿಡಿದ, ಕೇಸು ಗೆದ್ದ. ಹೆಚ್ಚುವರಿ ದುಡ್ಡು ಕೋರ್ಟಿಗೆ ಜಮೆಯಾಯಿತು. ಕಕ್ಷಿದಾರನ ಪರವಾಗಿ ವಕೀಲರೇ ಚೆಕ್ಕು ಪಡೆದರು. ಅಲ್ಲಿಂದಾಚೆಗೆ ದುಡ್ಡು ಎಲ್ಲಿಗೆ ಹೋಯಿತು ಅನ್ನುವುದೇ ನನ್ನ ಹೊಟ್ಟೆಯೊಳಗಿನ ವಿಷಯ. ಮೂರನೇ ಹಾಳೆ ನೋಡಿ.

(ನೋಡಿದೆ. ಗೆರೆ ಹಾಳೆ, ನೀಲಿ ಪೆನ್ನು. “ಇನ್ನೂ ಬಂದಿಲ್ಲ ಅನ್ನುತ್ತಾರೆ” ಎಂಬ ಮಾತು ಒಂದೇ ಪುಟದಲ್ಲಿ ನಾಲ್ಕು ಸಲ. ನಾಲ್ಕನೆಯದರ ಅಡಿಗೆರೆಯನ್ನು ಅದೆಷ್ಟು ಒತ್ತಿ ಎಳೆದಿದ್ದರೆಂದರೆ ಕೆಳಗಿನ ಹಾಳೆಯಲ್ಲೂ ಅಚ್ಚು ಬಿದ್ದಿತ್ತು.)

ವಕೀಲರು ಏನನ್ನುತ್ತಾರೆ?

ಅನ್ನಬೇಕಾದರೆ ಮೊದಲು ನೋಟಿಸು ಮುಟ್ಟಬೇಕಲ್ಲ! ಮೊದಲನೆಯದು “ಬಾಗಿಲು ಬೀಗ” ಎಂಬ ಷರಾ ಹೊತ್ತು ವಾಪಸು ಬಂತು. ಎರಡನೆಯದಕ್ಕೆ “ಊರಲ್ಲಿಲ್ಲ”. ಅದೇ ದಿನ ಅವರು ಅದೇ ಊರಿನ ಕೋರ್ಟಿನಲ್ಲಿ ಮೂರು ಕೇಸಿಗೆ ಹಾಜರಿದ್ದರು. ಮೂರನೆಯದು ಮುಟ್ಟಿತು. ಆಮೇಲೆ ವಾಯಿದೆ. ವಕೀಲರಿಗೆ ಪುರಸೊತ್ತಿಲ್ಲ ಅಂತ ಒಂದು, ಸಮಿತಿಯವರಿಗೇ ಹೈಕೋರ್ಟಿನಲ್ಲಿ ಕೆಲಸವಿದೆ ಅಂತ ಇನ್ನೊಂದು. ರೈತ ಮಾತ್ರ ಪ್ರತಿ ಸಲವೂ ರಾತ್ರಿ ಬಸ್ಸಿಗೆ ಬಂದು, ಬೆಳಿಗ್ಗೆ ಎಂಟಕ್ಕೇ ಗೇಟಿನ ಹತ್ತಿರ ಕೂತಿರುತ್ತಾನೆ.

ಸಮಿತಿಯಲ್ಲಿ ಎಷ್ಟು ಜನ?

ಮೂವರು. ಇಬ್ಬರು ಪರಿಷತ್ತಿನ ಸದಸ್ಯರು, ಇನ್ನೊಬ್ಬರು ಹೊರಗಿನಿಂದ ಸೇರಿಸಿಕೊಂಡ ವಕೀಲರು. ಮೂವರೂ ಸಜ್ಜನರೇ. ಆದರೆ ಪರಿಷತ್ತಿನ ಸದಸ್ಯರನ್ನು ಆರಿಸುವವರು ಯಾರು? ಪಟ್ಟಿಯಲ್ಲಿ ಹೆಸರಿರುವ ವಕೀಲರು. ಅಂದರೆ ನನ್ನೊಳಗಿರುವ ಆರೋಪಿಗೂ ಒಂದು ಓಟು. ಅವರ ಮಾತು ಕೇಳುವ ಜೂನಿಯರುಗಳ ಓಟು ಬೇರೆ. ನನ್ನ ರೈತನಿಗೆ ಆ ಚುನಾವಣೆಯಲ್ಲಿ ಓಟಿಲ್ಲ.

ಇದು ಬರೀ ಅನುಮಾನ ಅಲ್ಲವೇ?

ಅನುಮಾನವೇ. ನಾನು ಕಡತ, ಸಾಕ್ಷ್ಯವಿಲ್ಲದೆ ಮಾತಾಡಿದರೆ ನನ್ನ ಟ್ಯಾಗು ಕಿತ್ತುಹೋಗಲಿ. ಬೇಕಾದರೆ ಎದುರು ಸಾಕ್ಷಿಯನ್ನೂ ನಾನೇ ಕೊಡುತ್ತೇನೆ. ಮುಂಬಯಿಯ ಮ್ಯಾಜಿಸ್ಟ್ರೇಟ್ ಕೋರ್ಟಿನ ಬಾಗಿಲಲ್ಲಿ ಕೆಲವು ವಕೀಲರು ಬಸ್ ಸ್ಟ್ಯಾಂಡಿನ ಏಜೆಂಟರ ಹಾಗೆ ಕಕ್ಷಿದಾರರ ಮೇಲೆ ಬಿದ್ದು, ಫೀಜು ಇಳಿಸಿ, ಕೈ ಕೈ ಮಿಲಾಯಿಸುತ್ತಿದ್ದರು. ಮಹಾರಾಷ್ಟ್ರ ಪರಿಷತ್ತಿನ ಸಮಿತಿ ಅವರನ್ನು ಮೂರು ವರ್ಷ ಅಮಾನತು ಮಾಡಿತು. ದೆಹಲಿಯವರು ಬಿಟ್ಟುಬಿಟ್ಟರು. ಆಗ ಆ ರಾಜ್ಯ ಪರಿಷತ್ತೇ ಸುಪ್ರೀಂ ಕೋರ್ಟಿಗೆ ಹೋಯಿತು. ‘ನಿನಗೇನು ನೋವು, ನೀನ್ಯಾಕೆ ಮೇಲ್ಮನವಿ ಹಾಕಿದೆ’ ಎಂಬ ಪ್ರಶ್ನೆ ಬಂತು. ಪರಿಷತ್ತಿಗೂ ನೋವಾಗುತ್ತದೆ ಅಂತ 1975ರಲ್ಲಿ ಏಳು ನ್ಯಾಯಮೂರ್ತಿಗಳ ಪೀಠ ಹೇಳಬೇಕಾಯಿತು! ಅಂಥ ಮನೆತನದವರೂ ಇದ್ದರು. ನಾನು ಆ ಮನೆಯಲ್ಲಿ ಹುಟ್ಟಲಿಲ್ಲ, ಅಷ್ಟೆ.

ಕಡತ ಕುಲಕ್ಕೆ ನ್ಯಾಯ ಸಿಕ್ಕಿದ್ದುಂಟೇ?

ಉಂಟು, 2000ದಲ್ಲಿ. ಮಧ್ಯಪ್ರದೇಶದ ಒಂದು ಸಹಕಾರಿ ಬ್ಯಾಂಕಿನ ವಕೀಲರು 97,100 ರೂಪಾಯಿ ಫೀಜು ಬಾಕಿ ಅಂತ ಬ್ಯಾಂಕಿನ ಕಡತಗಳನ್ನು ಒತ್ತೆ ಇಟ್ಟುಕೊಂಡರು. ದೂರು ಹೋಯಿತು. ರಾಜ್ಯದವರಿಗೆ ವರ್ಷದೊಳಗೆ ಮುಗಿಸಲಾಗಲಿಲ್ಲ. ಅದೇ 36ಬಿ, ಅದೇ ದೆಹಲಿ ದಾರಿ. ದೆಹಲಿಯವರು 18 ತಿಂಗಳು ವಕಾಲತ್ತು ಬಂದ್ ಮಾಡಿ, ಸಾವಿರ ರೂಪಾಯಿ ದಂಡ ಹಾಕಿದರು. ದರ್ಜಿ ಕೂಲಿ ಬರುವತನಕ ಅಂಗಿ ಇಟ್ಟುಕೊಳ್ಳಬಹುದು, ವಕೀಲ ಕಡತ ಇಟ್ಟುಕೊಳ್ಳುವಂತಿಲ್ಲ ಅನ್ನುವುದು ಸುಪ್ರೀಂ ಕೋರ್ಟಿನ ತೀರ್ಪಿನಿಂದ ಖಾತ್ರಿಯಾಯಿತು. ಶಿಕ್ಷೆ ಮಾತ್ರ ವಾಗ್ದಂಡನೆಗೆ ಇಳಿಯಿತು. ಇರಲಿ, ನಮ್ಮವರನ್ನು ಒತ್ತೆ ಇಡುವಂತಿಲ್ಲ ಅಂತಾದರೂ ಆಯಿತಲ್ಲ.

ವಕೀಲರು ಕಡತ ಹಿಡಿದಿಟ್ಟುಕೊಳ್ಳಬಾರದು, ಸರಿ. ಪರಿಷತ್ತೇ ಹಿಡಿದಿಟ್ಟುಕೊಂಡರೆ?

ಅದಕ್ಕೆ ಹಿಡಿದಿಟ್ಟುಕೊಳ್ಳುವುದು ಅನ್ನುವುದಿಲ್ಲ. ಬಾಕಿ ಅನ್ನುತ್ತಾರೆ.

ರಾಜಿಯ ಮಾತೇನಾದರೂ ಬಂತೇ?

ಬರದೇ ಇರುತ್ತದೆಯೇ? ಹೋದ ತಿಂಗಳು ಒಬ್ಬರು ಹಿರಿಯರು ರೈತನನ್ನು ಎದುರಿನ ಹೋಟೆಲಿಗೆ ಕರೆದುಕೊಂಡು ಹೋಗಿ ಮಸಾಲೆ ದೋಸೆ ಕೊಡಿಸಿದರು. “ಅರ್ಧ ಈಗ ಇಸ್ಕೊ, ದೂರು ವಾಪಸ್ ತಗೊ, ಹುಡುಗನ ಸನದು ಯಾಕೆ ಕಳೀತೀಯ?” ಅಂದರು. ಹುಡುಗನಿಗೆ ಐವತ್ತೆರಡು. ದೂರುದಾರ ಹಿಂದೆ ಸರಿದ, ರಾಜಿ ಆಯಿತು ಅನ್ನುವುದಷ್ಟೇ ಕಾರಣಕ್ಕೆ ವಿಚಾರಣೆ ಕೈಬಿಡುವಂತಿಲ್ಲ ಅಂತ ನಿಯಮವೇ ಇದೆ. ನಿಯಮ ಗಟ್ಟಿ. ದೂರುದಾರ ಸಾಕ್ಷಿ ಹೇಳಲು ಬಾರದೇ ಹೋದರೆ ನಿಯಮ ತಾನೇ ಬಂದು ಸಾಕ್ಷಿ ಹೇಳುತ್ತದೆಯೇ?

ರೈತ ಗೆದ್ದರೆ ದುಡ್ಡು ಬರುತ್ತದಲ್ಲ?

ಇಲ್ಲಿ ಗೆದ್ದರೆ? ಕಲಂ 35 ಓದಿ. ದೂರು ವಜಾ ಮಾಡಬಹುದು, ವಾಗ್ದಂಡನೆ ಮಾಡಬಹುದು, ಅಮಾನತು ಮಾಡಬಹುದು, ಪಟ್ಟಿಯಿಂದ ಹೆಸರು ಹೊಡೆದುಹಾಕಬಹುದು. ನುಂಗಿದ ದುಡ್ಡು ಕಕ್ಕಿಸುವುದು ಆ ಪಟ್ಟಿಯಲ್ಲಿಲ್ಲ. ಅದಕ್ಕೆ ಅವನು ಬೇರೆ ಕೇಸು ಹಾಕಬೇಕು. ಅದಕ್ಕೊಬ್ಬ ವಕೀಲರನ್ನು ಹಿಡಿಯಬೇಕು.

(ಇಲ್ಲಿ ಇಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ.)

ಸುಪ್ರೀಂ ಕೋರ್ಟು ಈ ವಿಳಂಬವನ್ನು ಗಮನಿಸಿಲ್ಲವೇ?

ಗಮನಿಸಿದೆ. ನಿಮ್ಮ ಕರ್ನಾಟಕದಿಂದಲೇ ಹೋದ ಪ್ರಕರಣ. ರಾಜ್ಯದವರು ವರ್ಷದೊಳಗೇ ಮುಗಿಸಬೇಕು, ದೆಹಲಿಗೆ ಸಾಗಿಸುವುದು ಅಪರೂಪಕ್ಕೆ ಇರಬೇಕು ಅಂತ 2021ರ ಡಿಸೆಂಬರಿನಲ್ಲಿ ಹೇಳಿತು. ಆ ತೀರ್ಪಿನ ಜೆರಾಕ್ಸು ಪ್ರತಿ ಇಲ್ಲಿಗೂ ಬಂದಿದೆ. ನನ್ನ ಮೇಲೆ ಮಲಗಿರುವ ನಾಲ್ವರಲ್ಲಿ ಎರಡನೆಯವರ ಹೊಟ್ಟೆಯಲ್ಲಿದೆ.

ಅಷ್ಟರಲ್ಲಿ ಗುಮಾಸ್ತರು ಬಂದು, “ಸಮಿತಿ ಕೂತಿದೆ, ಕೊಡಿ ಸಾರ್” ಎಂದು ಅವರನ್ನು ಕಂಕುಳಲ್ಲಿ ಅವುಚಿಕೊಂಡು ಹೋದರು. ನಾನು ಕಾದೆ. ಹತ್ತು ನಿಮಿಷಕ್ಕೆಲ್ಲ ವಾಪಸು ತಂದರು. ಆರ್ಡರ್ ಶೀಟಿನಲ್ಲಿ ಹೊಸದಾಗಿ ಒಂದೂವರೆ ಸಾಲು, ಶಾಯಿ ಇನ್ನೂ ಹಸಿ: “ಎದುರುದಾರರು ಕಾಲಾವಕಾಶ ಕೋರಿದ್ದಾರೆ. ಮಂಜೂರು.” ಪಕ್ಕದಲ್ಲಿ ಮುಂದಿನ ತಾರೀಖು. ಬೆರಳು ಮಡಚಿ ಎಣಿಸಿದೆ. ಇವತ್ತಿಗೆ ಇಪ್ಪತ್ತನೇ ದಿನ.