ನೀರು ಹೊತ್ತವನ ಫೀಸು

ನಮ್ಮ ಮನೆಗೂ ಪಕ್ಕದ ರಾಯರ ಮನೆಗೂ ನಡುವೆ ಇರುವ ಕಾಂಪೌಂಡು ಎದೆಯೆತ್ತರದ್ದು. ಮೊಣಕೈ ಊರಿ ಮಾತಾಡಲೆಂದೇ ಗಾರೆಯವನು ಅಳತೆ ಹಿಡಿದು ಕಟ್ಟಿದಂತಿದೆ. ಮೊನ್ನೆ ಭಾನುವಾರ ರಾಯರು ನೀರಿನ ಪೈಪು ಹಿಡಿದೇ ಅಲ್ಲಿಗೆ ಬಂದರು. ಸಿಟ್ಟು ಬಂದಾಗ ಅವರಿಗೆ ಕೈಯಲ್ಲಿರುವುದು ಏನೆಂದು ನೆನಪಿರುವುದಿಲ್ಲ. ತುಳಸಿಗೆ ಸಲ್ಲಬೇಕಾದದ್ದು ನನ್ನ ಪಂಚೆಗೆ ಸಂದಿತು.

"ನೋಡಿ ಸ್ವಾಮಿ, ತಿಂಗಳು ತಿಂಗಳು ಕೋಚಿಂಗ್ ಫೀಸು. ಬ್ಯಾಟು, ಪ್ಯಾಡು, ಹೆಲ್ಮೆಟ್ಟು, ಅವನ್ನೆಲ್ಲ ತುಂಬ್ಕೊಳ್ಳೋಕೆ ಚಕ್ರ ಇರೋ ಬ್ಯಾಗು. ಇಷ್ಟೂ ಕೊಡಿಸಿ ನಿನ್ನೆ ಮ್ಯಾಚಿಗೆ ಕಳಿಸಿದ್ರೆ, ನಮ್ಮ ಹುಡುಗನ ಕೈಲಿ ನೀರು ಹೊರಿಸಿದಾರೆ! ಮನೇಲಿ ಒಂದು ಲೋಟ ನೀರು ತಂದುಕೊಡೋ ಅಂದ್ರೆ ಅಲ್ಲಾಡದ ಪ್ರಾಣಿ ಅದು."

"ಹನ್ನೆರಡನೆಯವನಾಗಿದ್ದನೇನೋ?"

"ಹದಿಮೂರನೆಯವನು. ಹನ್ನೆರಡನೆಯವನು ಯಾರದೋ ಕಾಲು ಉಳುಕಿತು ಅಂತ ಫೀಲ್ಡಿಂಗಿಗಾದ್ರೂ ಹೋದ. ಇವನು ಸಂಜೆ ಮನೆಗೆ ಬಂದು ಕುಣೀತಾನೆ, 'ತಾತಾ, ನಾವು ಗೆದ್ವಿ' ಅಂತ. ನಾವಂತೆ! ಇವನು ಮಾಡಿದ್ದಾದರೂ ಏನು?"

ಹುಡುಗ ಕುಣಿದನಲ್ಲ, ಅಷ್ಟಕ್ಕೇ ನಿಮ್ಮ ಫೀಸು ವಸೂಲಾಯಿತು ಅಂದೆ. ರಾಯರಿಗೆ ರುಚಿಸಲಿಲ್ಲ. ನಿವೃತ್ತ ಬ್ಯಾಂಕಿನವರು, ಜಮಾ ಖರ್ಚು ತಾಳೆಯಾಗದೆ ಬಾಗಿಲು ಹಾಕುವವರಲ್ಲ. ಹಾಗಾಗಿ ಅವರಿಗೆ ಅರ್ಥವಾಗುವ ಖಾತೆಯನ್ನೇ ತೆಗೆದೆ.

1999ರ ಫೆಬ್ರವರಿ 7, ದೆಹಲಿಯ ಕೋಟ್ಲಾ. ಅನಿಲ್ ಕುಂಬ್ಳೆ ಪಾಕಿಸ್ತಾನದ ಹತ್ತೂ ವಿಕೆಟ್ ಕಿತ್ತ ದಿನ. 74 ರನ್ನಿಗೆ 10. ಈ ಅಂಕಿ ನಮ್ಮ ಕಡೆ ಮಗ್ಗಿಯಷ್ಟೇ ಬಾಯಿಪಾಠ. ಆದರೆ ಕುಂಬ್ಳೆಗೆ ಒಂಬತ್ತು ಬಿದ್ದ ಮೇಲೆ ಇನ್ನೊಂದು ತುದಿಯಿಂದ ಒಂದು ಓವರ್ ಹಾಕಬೇಕಿತ್ತಲ್ಲ, ಅದನ್ನು ಹಾಕಿದವರು ಜಾವಗಲ್ ಶ್ರೀನಾಥ್. ಚೆಂಡು ಬ್ಯಾಟಿಗೆ ಸಿಗದಷ್ಟು ಆಚೆ ಆಚೆಗೇ ಎಸೆದರು, ವೈಡ್ ಕೊಟ್ಟರೂ ಪರವಾಗಿಲ್ಲ ಅಂತ. ಬಾಲ್ಯದಿಂದ ನೇರಕ್ಕೆ ಹಾಕಲು ಬೆವರು ಸುರಿಸಿ ಕಲಿತ ವೇಗದ ಬೌಲರನಿಗೆ, ಎದುರಿಗೆ ಕೊನೆಯ ವಿಕೆಟ್ ನಿಂತಿರುವಾಗ, ಬೇಕೆಂದೇ ಸೊಟ್ಟ ಹಾಕುವುದು ಎಂಥ ಕಷ್ಟ ನೋಡಿ. ಆ ಇನ್ನಿಂಗ್ಸಿನಲ್ಲಿ ಶ್ರೀನಾಥ್ ಲೆಕ್ಕಕ್ಕೆ ಬಂದ ವಿಕೆಟ್ಟು ಸೊನ್ನೆ.

"ಅದು ಸರಿ," ಅಂದರು ರಾಯರು, "ಆದರೆ ನನ್ನನ್ನು ಕೇಳಿದ್ರೆ ಅಂಟಿಗುವಾದ್ದು ಇನ್ನೂ ದೊಡ್ಡದು. ದವಡೆ ಮುರಿದುಕೊಂಡು, ತಲೆಗೆ ಗಲ್ಲಕ್ಕೆ ಬ್ಯಾಂಡೇಜು ಸುತ್ಕೊಂಡು ಬಂದು 14 ಓವರ್ ಹಾಕಿದಾರೆ ಕಣ್ರೀ ಕುಂಬ್ಳೆ. ಲಾರಾನ ಎಲ್‌ಬಿ ಮಾಡಿದಾರೆ. ಆಟದ ಮೇಲೆ ಪ್ರೀತಿ ಅಂದ್ರೆ ಅದು!"

ಪ್ರೀತಿಯೇ, ಇಲ್ಲ ಅಂದವರಾರು? 2002ರ ಆ ಬ್ಯಾಂಡೇಜಿನ ಚಿತ್ರ ಕಂಡರೆ ನನಗೂ ಗಂಟಲು ಕಟ್ಟುತ್ತದೆ. ಆದರೆ ಬ್ಯಾಂಡೇಜಿಗೆ ಚಿತ್ರವಿದೆ, ವೈಡಿಗೆ ಇಲ್ಲ. ವೈಡನ್ನು ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದವರನ್ನು ನಾನಂತೂ ನೋಡಿಲ್ಲ. ರಾಹುಲ್ ದ್ರಾವಿಡ್ ಸ್ಲಿಪ್ಪಿನಲ್ಲಿ ನಿಂತು ಹಿಡಿದ ಕ್ಯಾಚುಗಳೂ ಇದೇ ಜಾತಿ. ಟೆಸ್ಟಿನಲ್ಲಿ 210 ಹಿಡಿದರು, ಆದರೆ ಸ್ಕೋರ್ ಪಟ್ಟಿಯಲ್ಲಿ ವಿಕೆಟ್ಟು ಸೇರುವುದು ಬೌಲರನ ಹೆಸರಿಗೆ. ಸ್ಲಿಪ್ಪಿನಲ್ಲಿ ನಿಲ್ಲುವವನ ಅಭ್ಯಾಸವೆಲ್ಲ ಪರರ ಖಾತೆಗೆ ಕಟ್ಟುವ ಕಂತು. ದಿನವಿಡೀ ಬಗ್ಗಿ ಬಗ್ಗಿ ನಿಂತು, ಬಂದೀತು ಬಂದೀತು ಎಂದು ಕಾಯುತ್ತ, ಬಾರದೆ ಹೋದರೆ ಮರುದಿನ ಮತ್ತೆ ಬಗ್ಗುವುದು. ಒಂದು ದಿನದ ಪಂದ್ಯಗಳಲ್ಲಿ ತಂಡಕ್ಕೆ ಇನ್ನೊಬ್ಬ ಬ್ಯಾಟ್ಸ್‌ಮನ್ ಬೇಕೆಂದು ಎಪ್ಪತ್ತಕ್ಕೂ ಹೆಚ್ಚು ಸಲ ಕೀಪಿಂಗ್ ಗ್ಲೌಸು ಹಾಕಿದರಲ್ಲ, ಅದಕ್ಕೂ ಅವರಿಗೆ ಪ್ರತ್ಯೇಕ ಬೆಳ್ಳಿ ಲೋಟ ಕೊಟ್ಟ ನೆನಪು ನನಗಿಲ್ಲ.

ಅಷ್ಟರಲ್ಲಿ ಬಟ್ಟೆ ಒಣಹಾಕಲು ಬಂದ ರಾಯರ ಸೊಸೆ ಹಗ್ಗದ ಹಿಂದಿನಿಂದಲೇ ಬಾಯಿ ಹಾಕಿದಳು. "ಮಾವ, ನಾನು ಹೈಸ್ಕೂಲಲ್ಲಿ ಖೋಖೋ ಆಡ್ತಿದ್ದೆ. ಅದರಲ್ಲಿ ಓಡೋದಕ್ಕಿಂತ ಕೂತಿರೋದೇ ಜಾಸ್ತಿ. ಎಂಟು ಜನ ಕೂತಿರ್ತೀವಿ, ಒಬ್ಬಳು ಓಡ್ತಾಳೆ. ಎದುರಾಳಿ ಕೈಗೆ ಸಿಗೋ ಹಾಗೆ ಮೂಗಿನ ಮುಂದೇನೇ ಹೋಗ್ತಿದ್ರೂ ಬೆನ್ನಿಗೆ ಖೋ ಬೀಳದೆ ಏಳೋ ಹಾಗಿಲ್ಲ. ನಮ್ಮ ಪಿ.ಟಿ. ಟೀಚರ್ ವಾರಗಟ್ಟಲೆ ಕಲಿಸಿದ್ದು ಬರೀ ಕೂರೋದು, ಏಳೋದು."

ರಾಯರು ಪೈಪನ್ನು ಕೊನೆಗೂ ತುಳಸಿಯ ಕಡೆ ತಿರುಗಿಸಿದರು.

ನಾನು ವಾಲಿಬಾಲಿನವನು. ನಮ್ಮೂರ ಹೈಸ್ಕೂಲು ಮೈದಾನದಲ್ಲಿ ಸಂಜೆ ಐದೂವರೆಗೆ ನೆಟ್ ಕಟ್ಟಿದರೆ ದೀಪ ಹಚ್ಚುವ ಹೊತ್ತಿನವರೆಗೂ ಆಟ. ಮೇಷ್ಟ್ರು, ಪೋಸ್ಟ್‌ಮನ್, ತಾಲ್ಲೂಕು ಕಚೇರಿಯ ಗುಮಾಸ್ತರು, ಕಾಲೇಜು ಬಿಟ್ಟು ಕೆಲಸ ಸಿಗದ ನಾವು. ಲಿಫ್ಟರ್ ಆಗಿದ್ದವರು ಕೆಇಬಿ ಲೈನ್‌ಮನ್ ಒಬ್ಬರು. ಬೆಳಗಿನಿಂದ ಕಂಬ ಹತ್ತಿ ಇಳಿದ ಮನುಷ್ಯ ಖಾಕಿ ಪ್ಯಾಂಟನ್ನು ಮೊಣಕಾಲಿಗೆ ಮಡಚಿ ನೆಟ್ಟಿನ ಪಕ್ಕ ಬಂದು ನಿಂತರೆ ಅಲ್ಲಿಂದ ಮುಂದೆ ಅವರದು ಬರೀ ಓಟ. ಮೊದಲನೇ ಪಾಸು ಯಾವತ್ತೂ ಅವರಿದ್ದಲ್ಲಿಗೆ ಬರುತ್ತಿರಲಿಲ್ಲ. ನಾವು ಹೊಡೆದ ಪಾಸೆಂದರೆ ಬೇವಿನ ಮರಕ್ಕೋ ಸೈಕಲ್ ಸ್ಟ್ಯಾಂಡಿಗೋ ಹೋಗುವಂಥದ್ದು. ಅವರು ಅದರಡಿಗೆ ನುಗ್ಗಿ, ಮಂಡಿ ಬಗ್ಗಿಸಿ, ಹಣೆಯ ಮೇಲೆ ಹತ್ತೂ ಬೆರಳು ಅರಳಿಸಿ ಚೆಂಡನ್ನು ಬಿಡುತ್ತಿದ್ದರು. ಸದ್ದೇ ಇಲ್ಲ. ಎರಡು ಕೈ ಒಂದೇ ಕ್ಷಣಕ್ಕೆ ತಾಗದಿದ್ದರೆ 'ಡಬಲ್' ಎಂದು ಸೀಟಿ ಬೀಳುತ್ತದೆ. ಅವರಿಗೆ ಬಿದ್ದದ್ದು ಅಪರೂಪ. ಚೆಂಡು ಗಿರಕಿ ಹೊಡೆಯದೆ ನೆಟ್ಟಿನಿಂದ ಅರ್ಧ ಮಾರು ಈಚೆಗೆ ಏರಿ ಅರೆಗಳಿಗೆ ನಿಲ್ಲುತ್ತಿತ್ತು. ಅಷ್ಟರಲ್ಲಿ ಸ್ಮ್ಯಾಶರ್ ಮೂರು ಹೆಜ್ಜೆ ಹಾಕಿ ಹಾರಿರುತ್ತಿದ್ದ. ಧಡ್! ಸುತ್ತ ನಿಂತವರ ಶಿಳ್ಳೆ, ಕೇಕೆ, ಎಲ್ಲ ಅವನಿಗೆ. ಸ್ಮ್ಯಾಶ್ ನೆಟ್ಟಿಗೆ ಬಡಿದರೆ ಮಾತ್ರ ಅವನು ತಿರುಗಿ ಲಿಫ್ಟರನ್ನು ದುರುಗುಟ್ಟಿ ನೋಡುತ್ತಿದ್ದ. ಈ ನೋಟ ವಾಲಿಬಾಲಿನ ಕಾನೂನು ಪುಸ್ತಕದಲ್ಲಿಲ್ಲ, ಆದರೆ ಎಲ್ಲ ಮೈದಾನದಲ್ಲೂ ಇದೆ.

ಆ ಲೈನ್‌ಮನ್ ಆಟವಿಲ್ಲದ ದಿನ ಸ್ಕೂಲಿನ ಗೋಡೆಗೆ ಒಬ್ಬರೇ ಚೆಂಡು ಎತ್ತುತ್ತಿದ್ದರು. ಸುಣ್ಣ ಬಳಿದ ಗೋಡೆಯ ಮೇಲೆ ಒಂದೇ ಎತ್ತರದಲ್ಲಿ ಕೆಮ್ಮಣ್ಣಿನ ದುಂಡು ಗುರುತು. ಹೆಡ್‌ಮಾಸ್ಟರು ಬೈದರೆ ದಸರಾ ರಜೆಯಲ್ಲಿ ತಾವೇ ಸುಣ್ಣ ತಂದು ಬಳಿದುಕೊಟ್ಟು, ರಜೆ ಮುಗಿಯುವ ಮುಂಚೆ ಮತ್ತೆ ಗುರುತು ಮಾಡಿಟ್ಟರು. ಅವರಿಗೆ ಯಾವ ಕೋಚೂ 'ಪಾಸಿಟಿವ್ ಆಟಿಟ್ಯೂಡ್' ಬಗ್ಗೆ ಭಾಷಣ ಕೊಟ್ಟಿರಲಿಲ್ಲ. ಈಗಿನ ಬೇಸಿಗೆ ಶಿಬಿರಗಳ ಬ್ಯಾನರಿನಲ್ಲಿ ಅದು ಮೊದಲ ಸಾಲಿನಲ್ಲೇ ಇರುತ್ತದೆ, ಟೀ ಶರ್ಟು ಉಚಿತ ಎಂಬುದರ ಪಕ್ಕ.

ರಾಯರು ಸುಲಭಕ್ಕೆ ಸೋಲುವವರಲ್ಲ. ಒಂದು ಗೂಗ್ಲಿ ಹಾಕಿದರು. "ಸರಿ, ಎಲ್ಲ ತಂಡಕ್ಕಾಗಿ ಅಂತೀರಿ. ಹಾಗಾದ್ರೆ ನಮ್ಮ ವಿಶ್ವನಾಥ್ ಮಾಡಿದ್ದು ಏನು?"

ಒಳ್ಳೆಯ ಪ್ರಶ್ನೆ. 1980ರ ಫೆಬ್ರವರಿ, ಮುಂಬಯಿಯ ವಾಂಖೆಡೆ, ಸುವರ್ಣ ಮಹೋತ್ಸವದ ಟೆಸ್ಟು. ಇಂಗ್ಲೆಂಡ್ 58ಕ್ಕೆ 5. ಬಾಬ್ ಟೇಲರ್ ಔಟೆಂದು ಅಂಪೈರು ಬೆರಳೆತ್ತಿಯಾಗಿದೆ. ಭದ್ರಾವತಿಯ ಹುಡುಗ ಜಿ.ಆರ್. ವಿಶ್ವನಾಥ್ ನಾಯಕ. ಚೆಂಡು ಬ್ಯಾಟಿಗೆ ತಾಗಿಲ್ಲ ಅನ್ನಿಸಿ ಟೇಲರನ್ನು ವಾಪಸು ಕರೆದರು. ಟೇಲರ್ ಬೋಥಮ್ ಜೊತೆ ನಿಂತು 171 ರನ್ನಿನ ಜೊತೆಯಾಟ ಕಟ್ಟಿದ. ಬೋಥಮ್ ಶತಕವನ್ನೂ ಹೊಡೆದ, ಪಂದ್ಯದಲ್ಲಿ 13 ವಿಕೆಟ್ಟನ್ನೂ ಬಾಚಿದ. ನಾವು 10 ವಿಕೆಟ್ಟಿನಿಂದ ಸೋತೆವು. ವಿಶ್ವನಾಥ್ ಭಾರತದ ನಾಯಕರಾಗಿದ್ದದ್ದು ಎರಡೇ ಟೆಸ್ಟಿಗೆ, ಇದು ಎರಡನೆಯದು.

"ಉಳಿದ ಹತ್ತು ಜನರ ಬೆವರಿಗೆ ಏನು ಬೆಲೆ? ಅವರನ್ನು ಕೇಳಿದ್ರಾ?" ಅಂದರು ರಾಯರು.

ಈ ವಾದಕ್ಕೆ ತೂಕವಿದೆ, ತಳ್ಳಿಹಾಕಲಾಗದು. ಔಟ್ ಕೊಡುವುದು ಅಂಪೈರನ ಕೆಲಸ, ನಾಯಕನದಲ್ಲ ಎನ್ನುವವರೂ ಇದ್ದಾರೆ. ಆದರೂ ನಾನು ವಿಶ್ವನಾಥರ ಕಡೆಗೇ. ಔಟಾಗದವನನ್ನು ಔಟೆಂದು ಕಳಿಸಿ ಗೆದ್ದಿದ್ದರೆ ಆ ಗೆಲುವನ್ನೂ ಹನ್ನೊಂದು ಜನ ಹಂಚಿಕೊಳ್ಳಬೇಕಿತ್ತು ತಾನೇ? ಕೊಡದಿದ್ದನ್ನು ಕೊಟ್ಟರೆಂದು ಬರೆದುಕೊಳ್ಳಬೇಡಿ ಎಂದು ಬ್ಯಾಂಕಿನವರಿಗೆ ನಾನು ಹೇಳಿಕೊಡಬೇಕೇ! ರಾಯರು ನಕ್ಕರು, ಒಪ್ಪಲಿಲ್ಲ.

ಹೆಸರಿನ ಆಸೆಯಿಲ್ಲದೆ ಆಡುವವರನ್ನು ಕೊಡಗಿಗೆ ಹೋಗಿ ನೋಡಿ ಅಂತಲೂ ಹೇಳಿದೆ. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪನವರು ಕೊಡವ ಕುಟುಂಬಗಳ ನಡುವೆ ಹಾಕಿ ಪಂದ್ಯಾವಳಿ ಶುರು ಮಾಡಿದಾಗ ಬಂದದ್ದು 60 ಕುಟುಂಬ. 2024ರಲ್ಲಿ ನಾಪೋಕ್ಲಿನಲ್ಲಿ ಕುಂಡ್ಯೋಳಂಡ ಕುಟುಂಬದವರು ನಡೆಸಿದಾಗ 360 ತಂಡ, ಅಂದಿಗೆ ಗಿನ್ನೆಸ್ ದಾಖಲೆ. ಮಾಸ್ಕೋ ಒಲಿಂಪಿಕ್ಸಿನಲ್ಲಿ ಚಿನ್ನ ಗೆದ್ದ ಸೋಮಯ್ಯನವರನ್ನು, 1973ರ ವಿಶ್ವಕಪ್ಪಿನಲ್ಲಿ ಭಾರತವನ್ನು ಮುನ್ನಡೆಸಿದ ಎಂ.ಪಿ. ಗಣೇಶ್ ಅವರನ್ನು ಕೊಟ್ಟ ನೆಲ ಅದು. ಆದರೆ ಅಲ್ಲಿ ಮನೆತನದ ಜರ್ಸಿ ತೊಟ್ಟು ಕೋಲು ಹಿಡಿಯುವವರೆಲ್ಲ ಒಲಿಂಪಿಕ್ಸಿಗೆ ಹೋಗುವವರಲ್ಲ. ಹೊಟ್ಟೆ ಬಂದ ಚಿಕ್ಕಪ್ಪ, ಶಾಲೆಯ ಹುಡುಗ, ಮನೆಯ ಹೆಣ್ಣುಮಗಳು ಒಂದೇ ತಂಡದಲ್ಲಿ ಓಡುತ್ತಾರೆ. ಮೊದಲ ಸುತ್ತಿನಲ್ಲೇ ಸೋತು ಹೊರಟವರು ಮುಂದಿನ ವರ್ಷ ಮತ್ತೆ ಬರುತ್ತಾರೆ. ಫೀಸಿನ ಲೆಕ್ಕ ಕೇಳುವ ತಾತ ಅಲ್ಲಿ ಸಿಕ್ಕರೆ ಅವರ ಕೈಗೂ ಒಂದು ಕೋಲು ಕೊಟ್ಟಾರು.

"ಒಟ್ಟಿನಲ್ಲಿ ನೀವು ಹೇಳೋದು, ನೀರು ಹೊತ್ತಿದ್ದಕ್ಕೂ ಫೀಸು ಕಟ್ಟು ಅಂತ," ಎಂದರು ರಾಯರು. ಹೌದು ಅಂದೆ. ಅದಕ್ಕೆ ಕಟ್ಟಿದ್ದೇ ಸರಿಯಾದ ಫೀಸು. ಕವರ್ ಡ್ರೈವನ್ನು ಈಗ ಮಕ್ಕಳು ಮೊಬೈಲಿನಲ್ಲಿ ಪುಕ್ಕಟೆ ನೋಡಿ ಕಲಿಯುತ್ತವೆ.

ಇನ್ನೊಂದು ಮಾತು, ಇದು ನಿಮಗೆ. ನಮ್ಮ ಬಡಾವಣೆಯ ಪಾರ್ಕಿನ ಹಿಂದಿನ ಖಾಲಿ ಸೈಟಿನಲ್ಲಿ ಭಾನುವಾರ ಬೆಳಿಗ್ಗೆ ನೆಟ್ ಕಟ್ಟುತ್ತೇವೆ. ಸ್ಮ್ಯಾಶ್ ಹೊಡೆಯಲು ಒಂಬತ್ತು ಜನ ತಯಾರಿದ್ದಾರೆ, ಲಿಫ್ಟರ್ ಒಬ್ಬರೂ ಇಲ್ಲ. ಬೆರಳು ಗಟ್ಟಿಯಿದ್ದು, ದುರುಗುಟ್ಟುವ ನೋಟ ಸಹಿಸಬಲ್ಲವರಾದರೆ ದಯವಿಟ್ಟು ಬನ್ನಿ. ಕಾಫಿ ರಾಯರ ಮನೆಯದು. ಅವರಿಗೆ ಇನ್ನೂ ಹೇಳಿಲ್ಲ.