10 ವರ್ಷ ಜೈಲು, 37 ವರ್ಷ ವಸೂಲಿ

ಸ್ವಾತಂತ್ರ್ಯ ಹೋರಾಟಗಾರರಲ್ಲಿ ಎರಡು ಜಾತಿ. ದೇಶಕ್ಕಾಗಿ ಜೈಲಿಗೆ ಹೋಗಿ, ಬಿಡುಗಡೆಯಾದ ಮೇಲೆ ತಮ್ಮ ಪಾಡಿಗೆ ತಾವು ಮನೆಗೆ ಹೋದವರದು ಒಂದು. ಅವರ ಹೆಸರು ಅವರ ಮೊಮ್ಮಕ್ಕಳಿಗೂ ಸರಿಯಾಗಿ ನೆನಪಿರುವುದಿಲ್ಲ. ಜೈಲಿನ ದಿನಗಳನ್ನೆಲ್ಲ ದೇಶಕ್ಕೆ ಕೊಟ್ಟ ಸಾಲವೆಂದು ಬರೆದಿಟ್ಟುಕೊಂಡು, ಚಕ್ರಬಡ್ಡಿ ಸಮೇತ ವಸೂಲಿಗೆ ಕೂತವರದು ಇನ್ನೊಂದು. ಇವರ ಹೆಸರನ್ನು ವಿಮಾನ ನಿಲ್ದಾಣಕ್ಕೆ ಇಡುತ್ತಾರೆ. ಜಿಂಬಾಬ್ವೆಯ ರಾಬರ್ಟ್ ಗೇಬ್ರಿಯಲ್ ಮುಗಾಬೆಯವರು ಈ ಎರಡನೇ ಜಾತಿಯ ಕುಲಗುರು.

ಅಸಲು ಮಾತ್ರ ಖೋಟಾ ಅಲ್ಲ, ಅದನ್ನು ಮೊದಲೇ ಒಪ್ಪಿಬಿಡಬೇಕು. 1924ರಲ್ಲಿ ಕುಟಾಮದಲ್ಲಿ ಹುಟ್ಟಿ, ಮಿಷನ್ ಶಾಲೆಯಲ್ಲಿ ಓದಿ, ಮೇಷ್ಟ್ರಾಗಿ, ಘಾನಾದಲ್ಲಿ ಪಾಠ ಹೇಳಿ ಊರಿಗೆ ಮರಳಿದವರು. ಜಿಂಬಾಬ್ವೆ ಆಗ ರೊಡೀಷಿಯಾ. ಅಲ್ಲಿನ ಬಿಳಿಯರ ಸರ್ಕಾರ ಅವರನ್ನು, ಬಹುಪಾಲು ವಿಚಾರಣೆಯೇ ಇಲ್ಲದೆ, 1974ರವರೆಗೆ, ಹತ್ತು ವರ್ಷ, ಒಳಗಿಟ್ಟಿತು. 1966ರಲ್ಲಿ ಘಾನಾದಲ್ಲಿ ಮೂರು ವರ್ಷದ ಮಗ ತೀರಿಕೊಂಡಾಗ ಮಣ್ಣಿಗೆ ಹೋಗಲೂ ಬಿಡಲಿಲ್ಲ. ಆ ಮನುಷ್ಯ ಜೈಲಿನಲ್ಲೇ ಕೂತು ಲಂಡನ್ ವಿಶ್ವವಿದ್ಯಾಲಯದ ಪರೀಕ್ಷೆಗಳನ್ನು ಒಂದಾದ ಮೇಲೊಂದು ಕಟ್ಟಿ ಪಾಸು ಮಾಡಿದರು. 1980ರ ಏಪ್ರಿಲ್ 18ರಂದು ಹರಾರೆಯ ರುಫಾರೊ ಕ್ರೀಡಾಂಗಣದಲ್ಲಿ ಹೊಸ ಬಾವುಟ ಏರಿತು, ಬಾಬ್ ಮಾರ್ಲಿ ಹಾಡಿದರು. ಬಿಳಿಯರೂ ಇಲ್ಲೇ ಇರಲಿ, ಹಳೆಯದನ್ನು ಮರೆಯೋಣ ಎಂದರು ಪ್ರಧಾನಿಯಾದ ಮುಗಾಬೆ. ಊರೂರಿಗೆ ಶಾಲೆ ಬಂತು, ಆಫ್ರಿಕಾದಲ್ಲೇ ಅತಿ ಹೆಚ್ಚು ಓದು ಬಲ್ಲ ಜನರ ಸಾಲಿಗೆ ಜಿಂಬಾಬ್ವೆ ಸೇರಿತು. ಮೇಷ್ಟ್ರು ಮಾಡಿದ ಒಂದೇ ತಪ್ಪೆಂದರೆ ಇದು. ಓದು ಬಂದ ಪ್ರಜೆಗಳು ಮುಂದೆ ನೋಟಿನ ಮೇಲಿನ ಸೊನ್ನೆಗಳನ್ನೂ ಎಣಿಸತೊಡಗಿದರು.

ಮರೆಯೋಣ ಎಂಬ ಮಾತು ಬಿಳಿಯರಿಗೆ ಮಾತ್ರ ಅನ್ವಯಿಸುತ್ತಿತ್ತು. ಜೊತೆಯಲ್ಲೇ ಹೋರಾಡಿದ ಜೋಶುವಾ ಎನ್‌ಕೋಮೊ ಅವರ ನೆಲೆಯಾದ ಮಟಬೆಲೆಲ್ಯಾಂಡ್‌ಗೆ 1983ರಲ್ಲಿ ಉತ್ತರ ಕೊರಿಯಾದವರು ತರಬೇತಿ ಕೊಟ್ಟ ಐದನೇ ಬ್ರಿಗೇಡ್ ನುಗ್ಗಿತು. ಸತ್ತವರು 20,000ದವರೆಗೂ ಇದ್ದಾರೆಂದು ಅಂದಾಜು. ಹೆಚ್ಚಿನವರು ಬಂದೂಕು ಮುಟ್ಟದ ಹಳ್ಳಿಗರು. ಬಹಳ ವರ್ಷಗಳಾದ ಮೇಲೆ ಮುಗಾಬೆಯವರು ಅದನ್ನು ಹುಚ್ಚುತನದ ಒಂದು ಗಳಿಗೆ ಎಂದರು. ಆ ಗಳಿಗೆ ನಡೆದದ್ದು 1987ರವರೆಗೆ. ಮುಗಿದೊಡನೆ ಸಂವಿಧಾನ ತಿದ್ದಿ ಕಾರ್ಯಕಾರಿ ಅಧ್ಯಕ್ಷರಾದರು. ಜಗತ್ತು ಆಗ ಬೇರೆ ಕಡೆ ನೋಡುತ್ತಿತ್ತು. 1986ರಲ್ಲಿ ಅಲಿಪ್ತ ಚಳವಳಿಯ ಅಧ್ಯಕ್ಷತೆಯನ್ನು ರಾಜೀವ್ ಗಾಂಧಿಯವರು ಹರಾರೆಯಲ್ಲಿ ಅವರ ಕೈಗಿತ್ತರು. 1989ರಲ್ಲಿ ಅಂತರರಾಷ್ಟ್ರೀಯ ಸೌಹಾರ್ದಕ್ಕೆಂದು ನಾವು ಕೊಡುವ ನೆಹರೂ ಪ್ರಶಸ್ತಿಯೂ ಅವರದಾಯಿತು. ಸೌಹಾರ್ದ ಅಂತರರಾಷ್ಟ್ರೀಯವಾಗಿದ್ದರೆ ಸಾಕಿತ್ತು, ಮಟಬೆಲೆಲ್ಯಾಂಡ್ ದೇಶದೊಳಗಿನ ವಿಷಯ. 1994ರಲ್ಲಿ ಬ್ರಿಟನ್ನಿನ ರಾಣಿ ಕೊಟ್ಟ ಗೌರವ ಪದವಿಯನ್ನು ಎದೆಗೆ ಸಿಕ್ಕಿಸಿಕೊಂಡೇ ವಸಾಹತುಶಾಹಿಯನ್ನು ಝಾಡಿಸುತ್ತಿದ್ದರು. ಅದನ್ನು ವಾಪಸು ಪಡೆಯಬೇಕೆಂದು ಲಂಡನ್ನಿಗೆ ಹೊಳೆಯಲು 2008 ಬರಬೇಕಾಯಿತು.

ಸಾಲ ವಸೂಲಿಯ ದೊಡ್ಡ ತೊಂದರೆ ಏನೆಂದರೆ, ಒಬ್ಬರಿಗೆ ಕೊಟ್ಟರೆ ಪಕ್ಕದವನೂ ತನ್ನ ಚೀಟಿ ಹಿಡಿದು ಬರುತ್ತಾನೆ. 1997ರಲ್ಲಿ ಮಾಜಿ ಗೆರಿಲ್ಲಾಗಳು ಬಂದು, ನೀವು ಜೈಲಿನಲ್ಲಿದ್ದಾಗ ನಾವು ಕಾಡಿನಲ್ಲಿದ್ದೆವು ಎಂದರು. ತಲೆಗೆ 50,000 ಜಿಂಬಾಬ್ವೆ ಡಾಲರ್, ಮೇಲೆ ಪಿಂಚಣಿ. ಖಜಾನೆಯಲ್ಲಿ ಇಲ್ಲದ ಹಣವನ್ನು ಕೊಡುವ ಮಾತು ಕೊಟ್ಟದ್ದೇ ತಡ, ನವೆಂಬರ್ 14ರ ಶುಕ್ರವಾರ ಒಂದೇ ದಿನದಲ್ಲಿ ಡಾಲರ್ ತನ್ನ ಅರ್ಧಕ್ಕಿಂತ ಹೆಚ್ಚು ಬೆಲೆ ಕಳೆದುಕೊಂಡಿತು.

ದೇಶದ ಅದೃಷ್ಟ ಕೈಕೊಟ್ಟರೂ ನಾಯಕರ ಅದೃಷ್ಟ ಗಟ್ಟಿಯಾಗಿತ್ತು. 2000ದ ಜನವರಿಯಲ್ಲಿ, ಸರ್ಕಾರದ ಪಾಲೂ ಇದ್ದ ಒಂದು ಬ್ಯಾಂಕು ತನ್ನ ಗ್ರಾಹಕರಿಗಾಗಿ ಲಾಟರಿ ಎತ್ತಿತು. ಖಾತೆಯಲ್ಲಿ 5,000 ಡಾಲರ್ ಇಟ್ಟವರೆಲ್ಲ ಅರ್ಹರು, ಬಹುಮಾನ ಒಂದು ಲಕ್ಷ. ನಿರೂಪಕರು ಚೀಟಿ ಬಿಡಿಸಿ ನೋಡಿ ಕಣ್ಣುಜ್ಜಿಕೊಂಡರು. ಬರೆದಿದ್ದ ಹೆಸರು: ಆರ್. ಜಿ. ಮುಗಾಬೆ. ಮರುತಿಂಗಳು ಅದೃಷ್ಟ ಸ್ವಲ್ಪ ಮುನಿಸಿಕೊಂಡಿತು. ಹೊಸ ಸಂವಿಧಾನದ ಜನಮತಗಣನೆಯಲ್ಲಿ ಅವರು ಸೋತರು. ಆಗಲೇ ಅವರಿಗೆ ನೆನಪಾದದ್ದು, ದೇಶದ ಒಳ್ಳೆಯ ಭೂಮಿಯೆಲ್ಲ ಇನ್ನೂ ಸುಮಾರು 4,500 ಬಿಳಿಯ ರೈತರ ಕೈಯಲ್ಲೇ ಇದೆ ಎಂಬುದು. ಅನ್ಯಾಯ ನಿಜವೇ ಆಗಿತ್ತು. ಇಪ್ಪತ್ತು ವರ್ಷ ಕುರ್ಚಿಯಲ್ಲಿ ಕೂತವರಿಗೆ ಅದು ಕಂಡದ್ದು ಮಾತ್ರ ಸೋತ ತಿಂಗಳಲ್ಲಿ. ಜಮೀನಿನ ಮೇಲೆ ಮಾಜಿ ಗೆರಿಲ್ಲಾಗಳ ದಂಡು ಇಳಿಯಿತು. ಒಂದಷ್ಟು ಬಡವರಿಗೂ ತುಂಡು ನೆಲ ಸಿಕ್ಕಿತು, ಒಳ್ಳೊಳ್ಳೆಯ ತೋಟಗಳು ಮಂತ್ರಿಗಳಿಗೂ ಸೇನಾಧಿಕಾರಿಗಳಿಗೂ ಒಲಿದವು. ಮಜೋವೆಯಲ್ಲಿ ಅಧ್ಯಕ್ಷರ ಮಡದಿ ಗ್ರೇಸ್ ಹಾಲಿನ ಡೈರಿ ತೆರೆದರು.

ಮುಂದಿನದು ಸೊನ್ನೆಗಳ ಪುರಾಣ. 2008ರ ಜುಲೈನಲ್ಲಿ ಹಣದುಬ್ಬರ ಸರ್ಕಾರಿ ಲೆಕ್ಕದಲ್ಲೇ ಶೇ. 23 ಕೋಟಿ ದಾಟಿತು. ರಿಸರ್ವ್ ಬ್ಯಾಂಕು ಮೂರು ಕಂತಿನಲ್ಲಿ ಒಟ್ಟು 25 ಸೊನ್ನೆ ಕತ್ತರಿಸಿತು. 2009ರ ಜನವರಿಯಲ್ಲಿ ಬಂದ 100 ಟ್ರಿಲಿಯನ್ ಡಾಲರಿನ ನೋಟನ್ನು ಕೈಯಲ್ಲಿ ಹಿಡಿದು ನೋಡಬೇಕು. ಒಂದರ ಮುಂದೆ 14 ಸೊನ್ನೆ, ನಮ್ಮ ಲೆಕ್ಕದಲ್ಲಿ ಕೋಟಿ ಕೋಟಿ. ಮುಂಬದಿಗೆ ಈಗಲೋ ಆಗಲೋ ಉರುಳುವಂತೆ ಒಂದರ ಮೇಲೊಂದು ನಿಂತ ಬಂಡೆಗಳು, ಹಿಂಬದಿಗೆ ವಿಕ್ಟೋರಿಯಾ ಜಲಪಾತ. ಇಷ್ಟು ಪ್ರಾಮಾಣಿಕವಾದ ನೋಟನ್ನು ಬೇರಾವ ಸರ್ಕಾರವೂ ಅಚ್ಚು ಹಾಕಿದಂತಿಲ್ಲ. 2015ರಲ್ಲಿ ಹಳೆಯ ಖಾತೆಗಳನ್ನು ಮುಗಿಸುವಾಗ ಇಂಥ 350 ಕೋಟಿ ಕೋಟಿಗೆ ಒಂದು ಅಮೆರಿಕನ್ ಡಾಲರ್ ಕೊಟ್ಟರು.

ಚುನಾವಣೆಯ ಗಣಿತವೂ ಇದೇ ಶಾಲೆಯದು. 2008ರ ಮಾರ್ಚ್‌ನಲ್ಲಿ ವಿರೋಧ ಪಕ್ಷದ ಮಾರ್ಗನ್ ಸ್ವಾಂಗಿರಾಯಿ ಮುಂದೆ ಬಂದರು. ಅದನ್ನು ಎಣಿಸಿ ಹೇಳಲು ಆಯೋಗಕ್ಕೆ ತಿಂಗಳಿಗೂ ಹೆಚ್ಚು ಬೇಕಾಯಿತು. ಎರಡನೇ ಸುತ್ತಿಗೆ ಮೊದಲು ಅವರ ಬೆಂಬಲಿಗರ ಮೇಲೆ ಎಷ್ಟು ದೊಣ್ಣೆ ಬಿದ್ದವೆಂದರೆ ಅವರು ಕಣದಿಂದಲೇ ಹಿಂದೆ ಸರಿದರು. ಎದುರಾಳಿಯೇ ಇಲ್ಲದ ಓಟದಲ್ಲಿ ಮುಗಾಬೆಯವರಿಗೆ ಸಿಕ್ಕಿದ್ದು ಶೇ. 85. ಒಬ್ಬರೇ ಓಡಿಯೂ ಪೂರ್ತಿ ಅಂಕ ಬಾರದ ವಿದ್ಯಾರ್ಥಿ ಎಂದರೆ ಈ ಮೇಷ್ಟ್ರೇ.

ವಯಸ್ಸಾಯಿತು. 2015ರ ಫೆಬ್ರುವರಿಯಲ್ಲಿ ಹರಾರೆ ವಿಮಾನ ನಿಲ್ದಾಣದ ಕೆಂಪು ಹಾಸಿನ ಮೇಲೆ ಅಧ್ಯಕ್ಷರು ಎಡವಿದರು. ಬಿದ್ದಿಲ್ಲ, ಬೀಳುವುದನ್ನು ತಡೆದುಕೊಂಡರು, ತಪ್ಪು ಹಾಸಿನ ಉಬ್ಬಿನದು ಎಂದರು ವಾರ್ತಾ ಮಂತ್ರಿ. ಕುಣಿಯಲಾರದವಳು ನೆಲ ಡೊಂಕು ಎನ್ನುವ ನಮ್ಮ ಗಾದೆಗೆ ಆಫ್ರಿಕಾದಲ್ಲೂ ಸಂಪುಟ ದರ್ಜೆ ಸಿಕ್ಕಿತು. ಅದೇ ವರ್ಷ ಆಗಸ್ಟ್‌ನಲ್ಲಿ ಓದಿದ್ದ ಭಾಷಣವನ್ನೇ ಸೆಪ್ಟೆಂಬರ್‌ನಲ್ಲಿ ಸಂಸತ್ತಿಗೆ ಮತ್ತೊಮ್ಮೆ ಓದಿದರು. ಆಡಳಿತ ಪಕ್ಷದವರು ಚಪ್ಪಾಳೆ ತಟ್ಟಿದರು. ಸಭೆಗಳಲ್ಲಿ ಕಣ್ಣು ಮುಚ್ಚುತ್ತಾರಲ್ಲ ಎಂದು ಕೇಳಿದವರಿಗೆ, ನಿದ್ದೆಯಲ್ಲ, ಬೆಳಕಿನಿಂದ ಕಣ್ಣಿಗೆ ವಿಶ್ರಾಂತಿ ಎಂಬ ಉತ್ತರ ಬಂತು.

ಕೊನೆಗೆ ಎಬ್ಬಿಸಿದವರು ಪ್ರಜೆಗಳಲ್ಲ, ಪಾಲುದಾರರು. 2017ರ ನವೆಂಬರ್‌ನಲ್ಲಿ ಮಡದಿಗೆ ದಾರಿ ಮಾಡಿಕೊಡಲು ಉಪಾಧ್ಯಕ್ಷ ಎಮರ್ಸನ್ ಮನಂಗಾಗ್ವಾರನ್ನು ವಜಾ ಮಾಡಿದರು. ಟ್ಯಾಂಕುಗಳು ಬಂದವು, ಇದು ಕ್ಷಿಪ್ರಕ್ರಾಂತಿ ಅಲ್ಲ ಎಂದು ಸೇನೆಯವರು ಟಿವಿಯಲ್ಲಿ ಹೇಳಿದರು. ರಾಜೀನಾಮೆ ಕೇಳಲು ದೇಶವೆಲ್ಲ ಟಿವಿ ಮುಂದೆ ಕೂತ ರಾತ್ರಿ, ಹಾಳೆ ಮಗುಚುತ್ತ ಮಗುಚುತ್ತ ಎಲ್ಲವನ್ನೂ ಓದಿದರು, ರಾಜೀನಾಮೆಯೊಂದನ್ನು ಬಿಟ್ಟು. ಎರಡು ದಿನದ ಮೇಲೆ ಅದೂ ಬಂತು. ಎಡವಿದ ಆ ವಿಮಾನ ನಿಲ್ದಾಣಕ್ಕೆ ಅದೇ ತಿಂಗಳು ಅವರ ಹೆಸರು ಇಟ್ಟಾಗಿತ್ತು. 2019ರಲ್ಲಿ ತೀರಿಕೊಂಡದ್ದು ಸಿಂಗಪುರದ ಆಸ್ಪತ್ರೆಯಲ್ಲಿ. ತಾವು 37 ವರ್ಷ ಆಳಿದ ದೇಶದಲ್ಲಿ ತಾವೇ ನಂಬುವಂಥ ಒಂದು ವಾರ್ಡು ಕಟ್ಟಿಸಲು ಪುರುಸೊತ್ತಾಗಿರಲಿಲ್ಲ.

ಸಾಲ ತೀರಿತು ಎಂದುಕೊಂಡವರಿಗೆ ಸಾಲಪತ್ರ ವರ್ಗಾವಣೆಯಾಗುತ್ತದೆ ಎಂಬುದು ಗೊತ್ತಿರಲಿಲ್ಲ. ಮನಂಗಾಗ್ವಾ ಕೂಡ ರೊಡೀಷಿಯಾದ ಜೈಲಿನಲ್ಲಿ ಹತ್ತು ವರ್ಷದ ಶಿಕ್ಷೆ ಅನುಭವಿಸಿದವರೇ. ಸಂವಿಧಾನ ಅಧ್ಯಕ್ಷರಿಗೆ ಎರಡೇ ಅವಧಿ ಎನ್ನುತ್ತಿತ್ತು, ಅದರಂತೆ ಅವರ ಎರಡನೆಯದು 2028ಕ್ಕೆ ಮುಗಿಯಬೇಕಿತ್ತು. 2024ರಲ್ಲೇ ಅವರ ಪಕ್ಷ ಬುಲವಾಯೊದಲ್ಲಿ ಸಭೆ ಸೇರಿ, 2030ರವರೆಗೆ ಅವರೇ ಇರಲಿ ಎಂದು ಠರಾವು ಮಾಡಿತು. ಕಂತು ಕಟ್ಟುತ್ತಿರುವವರಲ್ಲಿ ಬಹುಪಾಲು ಜನ 1980ರ ನಂತರ ಹುಟ್ಟಿದವರು. ತಾವು ಯಾವಾಗ ಸಾಲ ತೆಗೆದುಕೊಂಡೆವು ಎಂದು ಅವರು ಕೇಳುತ್ತಿದ್ದಾರೆ. ಹಾಗೆ ಕೇಳುವುದೇ ದೇಶದ್ರೋಹ ಎಂಬುದು ಈ ವ್ಯವಹಾರದ ಮೊದಲ ಷರತ್ತು.