ಹವಳದ ರಾಯರ ಬಜೆಟ್ಟು

ಬೆಂಗಳೂರಿನ ಯಾವ ಬಡಾವಣೆಯಲ್ಲಿ ಹುಡುಕಿದರೂ ಒಬ್ಬ ಹವಳದ ರಾಯರು ಸಿಕ್ಕೇ ಸಿಗುತ್ತಾರೆ. ಹುಟ್ಟಿನಿಂದ ಗೌಡರೋ ಶೆಟ್ಟರೋ ಆಗಿರಬಹುದು, ಕೆಲಸ ಬ್ಯಾಂಕಿನಲ್ಲೋ ಸಾಫ್ಟ್‌ವೇರಿನಲ್ಲೋ ಇರಬಹುದು. ಸಂಜೆಯಾದ ಮೇಲೆ ಯಾವ ಮನೆಯ ಹಾಲಿನ ಕಿಟಕಿಯಿಂದ ಗಾಢ ನೀಲಿ ಬೆಳಕು ಬೀದಿಗೆ ಬೀಳುತ್ತದೋ ಅದು ಅವರ ಮನೆ. ಕೊರಿಯರ್ ಹುಡುಗರು ಬ್ಯೂಟಿ ಪಾರ್ಲರ್ ಎಂದುಕೊಳ್ಳುವುದೂ ಉಂಟು. ಇಲ್ಲಿ ಬರುವ ರಾಯರು ಬನಶಂಕರಿಯವರು, ಅಸಲಿ ರಾಯರೇ.

ಬೆಂಗಳೂರಿನಿಂದ ಮಂಗಳೂರಿನ ಕಡೆ ಹೋದರೂ ಚೆನ್ನೈ ಕಡೆ ಹೋದರೂ ಸಮುದ್ರಕ್ಕೆ ಸುಮಾರು 350 ಕಿಲೋಮೀಟರ್. ಊರು ಇರುವುದು ಕಡಲಮಟ್ಟಕ್ಕಿಂತ 900 ಮೀಟರಿಗೂ ಮೇಲೆ. ಇಲ್ಲಿ ಕೂತು ಹವಳ ಸಾಕುವ ಹುಚ್ಚು, ಮುರುಡೇಶ್ವರದಿಂದ ದೋಣಿ ಹತ್ತಿ ನೇತ್ರಾಣಿಯಲ್ಲಿ ಸ್ಕೂಬಾ ಮಾಡಿ ಬಂದವರಿಗೆ ಹತ್ತುತ್ತದೆ. ಮಗಳ ಜೊತೆ ನೀಮೋ ಸಿನಿಮಾ ನೋಡಿದವರಿಗೂ ಹತ್ತುತ್ತದೆ. ಹತ್ತಿದ ಮೇಲೆ ಮಾತು ಎಲ್ಲರದೂ ಒಂದೇ: “ಚಿಕ್ಕದು ಸಾಕು ಕಣೇ, ಬಜೆಟ್ಟಿನಲ್ಲೇ ಮುಗಿಸೋಣ.”

ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ಗಾಜಿನ ತೊಟ್ಟಿ ಬಂತು. ಲೆಕ್ಕಕ್ಕೆ 56 ಲೀಟರು. ಕಲ್ಲು, ಮರಳು ಹಾಕಿದ ಮೇಲೆ ನೀರಿಗೆ ಉಳಿದದ್ದು 48. ಚಿಕ್ಕದಾದರೆ ಸುಲಭ ಎಂಬುದು ರಾಯರ ಗಟ್ಟಿ ನಂಬಿಕೆ. ಕಡಲಿನಲ್ಲಿ ಒಂದು ಬಸವನಹುಳು ಸತ್ತರೆ ಯಾರಿಗೂ ಸುದ್ದಿಯಲ್ಲ, 48 ಲೀಟರಿನಲ್ಲಿ ಅದು ಊರಿಗೆಲ್ಲ ಸೂತಕ. ನೀರು ಕಡಿಮೆಯಾದಷ್ಟೂ ಉಪ್ಪು, ಶಾಖ, ಅಮೋನಿಯ ಎಲ್ಲವೂ ಬೇಗ ಏರುತ್ತವೆ. ಅಂಗಡಿಯವನು ಇದನ್ನು ಹೇಳಿಯೇ ಹೇಳಿದ. ನಾಲ್ಕಡಿಯ ತೊಟ್ಟಿ ದಾಟಿಸಲು ಹೂಡಿದ ತಂತ್ರ ಎಂದು ರಾಯರು ಮೀಸೆಯಲ್ಲೇ ನಕ್ಕರು.

ಉಳಿತಾಯದ ಕಣ್ಣು ಮೊದಲು ಬಿದ್ದದ್ದು ಉಪ್ಪಿನ ಮೇಲೆ. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಲವಣ. 48 ಲೀಟರಿಗೆ ಒಂದು ಕಿಲೋ ಏಳುನೂರು ಗ್ರಾಂ. ಅಡುಗೆ ಉಪ್ಪಾದರೆ ನೂರು ರೂಪಾಯಿ ದಾಟದು! ಆದರೆ ಕಡಲುಪ್ಪಿನಲ್ಲಿ ಮೆಗ್ನೀಸಿಯಂ, ಕ್ಯಾಲ್ಸಿಯಂ, ಪೊಟ್ಯಾಸಿಯಂ, ಸಲ್ಫೇಟ್ ಎಲ್ಲ ಇರಬೇಕು. ಬರೀ ಸೋಡಿಯಂ ಕ್ಲೋರೈಡಿನಲ್ಲಿ ಹವಳ ಬದುಕದು. ಅಕ್ವೇರಿಯಮ್ಮಿಗೆಂದೇ ಮಾಡಿದ ಉಪ್ಪಿನ ಬಕೆಟ್ಟಿನ ಬೆಲೆ ಕೇಳಿದ ರಾಯರು ಎರಡನೆಯ ಯೋಜನೆ ಹಾಕಿದರು. ಧರ್ಮಸ್ಥಳಕ್ಕೆ ಹೋಗುವುದು ಇದ್ದೇ ಇದೆ, ಹಾಗೇ ಪಣಂಬೂರಿಗೂ ಹೋಗಿ ಕ್ಯಾನುಗಳಲ್ಲಿ ನೀರು ತುಂಬಿಕೊಂಡರಾಯಿತು. ಹೋದದ್ದು ಜುಲೈನಲ್ಲಿ. ಆಗ ನೇತ್ರಾವತಿ, ಗುರುಪುರ ಹೊಳೆಗಳು ಘಟ್ಟದ ಮಳೆಯನ್ನೆಲ್ಲ ತಂದು ಮಂಗಳೂರಿನ ಕಡಲಿಗೆ ಸುರಿಯುತ್ತಿರುತ್ತವೆ. ಮನೆಗೆ ತಂದು ಅಳೆದು ನೋಡಿದರೆ ಅದರಲ್ಲಿ ಹೊಳೆಯೂ ಇತ್ತು, ಕಡಲೂ ಇತ್ತು, ಸಾಕಷ್ಟು ಕೆಸರೂ ಇತ್ತು. ಪೆಟ್ರೋಲಿನ ಖರ್ಚನ್ನು ಧರ್ಮಸ್ಥಳದ ಲೆಕ್ಕಕ್ಕೆ ಬರೆದು ಬಕೆಟ್ಟನ್ನೇ ಕೊಂಡರು.

ಉಪ್ಪು ಕಲಸುವ ನೀರಿನಲ್ಲಿ ಬೇರೇನೂ ಇರಬಾರದು. ಬೋರ್ ನೀರಿನ ಮಾತೇ ಬೇಡ. ಆರ್‌ಓ ನೀರನ್ನೂ ಮತ್ತೆ ರಾಳದ ಕೊಳವೆಯಲ್ಲಿ ಹಾಯಿಸಿ ಸೊನ್ನೆಗಿಳಿಸಬೇಕು. ಇದಕ್ಕೆಂದು ಕೊಂಡ ಟಿಡಿಎಸ್ ಪೆನ್ನು ಜೇಬಿಗೆ ಬಂದಮೇಲೆ ರಾಯರು ಯಾರ ಮನೆಯಲ್ಲೂ ನೀರನ್ನು ಸುಮ್ಮನೆ ಕುಡಿದಿಲ್ಲ. ಬೀಗರು ಕೊಟ್ಟ ಲೋಟದಲ್ಲಿ ಅದ್ದಿ, “380” ಎಂದು ಗಟ್ಟಿಯಾಗಿ ಓದಿ ಹುಬ್ಬು ಹಾರಿಸಿದರು. ಒಮ್ಮೆ ತಿಳಿಸಾರಿಗೂ ಅದ್ದಿದರು. ಅಂದು ಅವರ ಎಲೆಗೆ ಎರಡನೇ ಸಲ ಯಾರೂ ಬಡಿಸಲಿಲ್ಲ.

ನೀರು ತುಂಬಿದ ದಿನವೇ ಮೀನು ಬಿಡುವ ಹಾಗಿಲ್ಲ. ಮೀನಿನ ಗಲೀಜು, ತಿಂದು ಉಳಿದದ್ದು ಎಲ್ಲ ಅಮೋನಿಯ ಆಗುತ್ತದೆ, ಅದು ವಿಷ. ಒಂದು ಬಗೆಯ ಬ್ಯಾಕ್ಟೀರಿಯ ಅದನ್ನು ನೈಟ್ರೈಟ್ ಮಾಡಬೇಕು, ಮತ್ತೊಂದು ಬಗೆ ಅದನ್ನು ನೈಟ್ರೇಟ್ ಮಾಡಬೇಕು. ಇವು ಕಲ್ಲು ಮರಳಿನಲ್ಲಿ ಬೀಡುಬಿಡಲು ನಾಲ್ಕರಿಂದ ಆರು ವಾರ ಬೇಕು, ಅಲ್ಲಿಯವರೆಗೆ ತಿನ್ನಲು ಅವಕ್ಕೂ ಅಮೋನಿಯ ಬೇಕು. ಅಂಗಡಿಯವನು ಉಪಾಯ ಹೇಳಿದ: “ಒಂದು ಹಸಿ ಸಿಗಡಿ ಹಾಕ್ಬಿಡಿ ಸಾರ್. ಕೊಳೀತಾ ಬಿದ್ದಿರುತ್ತೆ, ಕೆಲ್ಸ ಆಗುತ್ತೆ.”

ಏಕಾದಶಿಯಂದು ಅನ್ನವನ್ನೂ ಮುಟ್ಟದ ಮನೆ. ದೇವರ ಕೋಣೆಯಿಂದ ಹತ್ತು ಹೆಜ್ಜೆಯಲ್ಲಿ ಸಿಗಡಿ ಕೊಳೆಯಬೇಕು! ರಾಯರು ಅದನ್ನು ಹಾಲಿನ ಕವರಿನಲ್ಲಿ ಸುತ್ತಿ, ಊಟದ ಡಬ್ಬಿಯ ಚೀಲದಲ್ಲಿಟ್ಟು ತಂದು, ಎಲ್ಲರೂ ಮಲಗಿದ ಮೇಲೆ ಕಲ್ಲಿನ ಸಂದಿಗೆ ತೂರಿಸಿದರು. ಮೂರನೇ ದಿನಕ್ಕೆ ಅಮ್ಮನ ಮೂಗು ಎಚ್ಚೆತ್ತಿತು.

“ಏನೋ ಅದು, ಸತ್ತಿದೆ?”

“ಬ್ಯಾಕ್ಟೀರಿಯ ಅಮ್ಮ, ಒಳ್ಳೇದು.”

“ಒಳ್ಳೇದು ಹೀಗೆ ನಾರಲ್ಲ ಕಣೋ.”

ಸಿಗಡಿ ಹೊರಗೆ ಹೋಯಿತು, ಅಮ್ಮ ಇನ್ನೊಂದು ಸ್ನಾನಕ್ಕೆ ಹೋದರು. ಮಡಿಯುಟ್ಟು ಬಂದವರು ಮಗನ ವಿವರಣೆಯನ್ನು ಪೂರ್ತಿ ಕೇಳಿಸಿಕೊಂಡು, “ಮೂಗಿಗೆ ಹೊಡೆಯೋ ಗಾಳಿ ತಾನೇ? ಕಲಾಯಿಯವನು ತಪ್ಪಲೆಗೆ ಉಜ್ತಿದ್ದನಲ್ಲ, ನವಸಾಗರ, ಅದನ್ನ ಹಾಕು” ಎಂದರು. ನವಸಾಗರವೆಂದರೆ ಅಮೋನಿಯಂ ಕ್ಲೋರೈಡ್. ಹವ್ಯಾಸಿಗಳಿಗೆಂದು ಬಾಟಲಿಯಲ್ಲಿ ಮಾರುವುದೂ ಅದರ ದ್ರಾವಣವನ್ನೇ. ರಾಯರು ಲ್ಯಾಬ್ ಸಾಮಾನಿನ ಅಂಗಡಿಯಿಂದ ಶುದ್ಧವಾದದ್ದನ್ನು ತಂದು ಚಿಟಿಕೆಯಷ್ಟು ಹಾಕಿದರು. ಇಡೀ ವ್ಯವಹಾರದಲ್ಲಿ ಬಜೆಟ್ಟಿನೊಳಗೆ ಮುಗಿದ ಬಾಬತ್ತು ಇದೊಂದೇ, ಅದೂ ಅಮ್ಮನದು.

ಆರು ವಾರ ನೆಂಟರಿಷ್ಟರು ಬಂದು ಕಲ್ಲು ನೋಡಿಕೊಂಡು ಹೋದರು.

ಆ ಕಲ್ಲಿಗೂ ಒಂದು ಹಿನ್ನೆಲೆ ಇದೆ. ಪರಿಚಯದವರೊಬ್ಬರು ಕರಾವಳಿಯಿಂದ ನಿಜವಾದ ಹವಳದ ತುಂಡುಗಳನ್ನು ಅಗ್ಗಕ್ಕೆ ತರಿಸಿಕೊಡುತ್ತೇನೆಂದು ಪಿಸುಗುಟ್ಟಿದ್ದರು. ಅಗ್ಗ ಎಂಬ ಮಾತಿಗೆ ಕರಗುವ ರಾಯರು ಇಲ್ಲಿ ಮಾತ್ರ ಬೆವರಿದರು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಗೆ 2001ರಲ್ಲಿ ಗಟ್ಟಿ ಹವಳಗಳೂ ಸೇರಿವೆ. ಹುಲಿ ಇರುವುದೂ ಅದೇ ಅನುಸೂಚಿಯಲ್ಲಿ. ಪೆನ್ಷನ್ನಿಗೆ ಹತ್ತು ವರ್ಷ ಇರುವ ಬ್ಯಾಂಕ್ ನೌಕರ ಹುಲಿಯ ತಂಟೆಗೆ ಹೋಗುವುದುಂಟೇ? ಕೃತಕ ಕಲ್ಲು ತಂದರು. ಅದರ ಮೇಲೆ ನೆಟ್ಟದ್ದು ಬಿಲ್ಲು ಕೊಡುವ ಅಂಗಡಿಯ ಮೆದು ಜಾತಿಗಳು: ಝೋವಾ, ಮಶ್ರೂಮ್, ಹಸಿರು ಸ್ಟಾರ್ ಪಾಲಿಪ್. ಆರಂಭಿಕರಿಗೆ ಒಗ್ಗುವುದೂ ಇವೇ. ವಾರಕ್ಕೊಮ್ಮೆ ಹತ್ತರಲ್ಲೊಂದು ಪಾಲು ನೀರು ಬದಲಿಸಿದರೆ ಸಾಕು, ದಿನಾ ಪರೀಕ್ಷೆಯ ಅಗತ್ಯವೇ ಇಲ್ಲ. ರಾಯರು ಮಾತ್ರ ದಿನಾ ಮಾಡುತ್ತಾರೆ. ತಮ್ಮ ಶುಗರ್ ಎಷ್ಟೆಂದು ಡಾಕ್ಟರು ಕೇಳಿದರೆ ಹೆಂಡತಿಯ ಮುಖ ನೋಡುತ್ತಾರೆ. ತೊಟ್ಟಿಯ ಕ್ಯಾಲ್ಸಿಯಂ 420 ಎಂಬುದು ನಿದ್ದೆಯಲ್ಲೂ ನಾಲಿಗೆಯ ತುದಿಯಲ್ಲಿರುತ್ತದೆ.

ಏಪ್ರಿಲ್ ಬಂತು. ಹವಳಕ್ಕೆ 25-26 ಡಿಗ್ರಿ ಹಿತ, ಹಾಲಿನಲ್ಲಿ 33. ಚಿಲ್ಲರ್ ಬೆಲೆ ಕೇಳಿ ರಾಯರು ಎಸ್.ಪಿ. ರಸ್ತೆಗೆ ಹೋಗಿ ಕಂಪ್ಯೂಟರಿನ ಎರಡು ಪುಟ್ಟ ಫ್ಯಾನು ತಂದು ನೀರಿನ ಮೇಲೆ ಗಾಳಿ ಬಿಟ್ಟರು. ನೀರು ಆವಿಯಾಗುತ್ತಾ ಎರಡು ಮೂರು ಡಿಗ್ರಿ ತಣಿಯಿತು. ಆದರೆ ಆವಿಯಾಗುವುದು ನೀರು ಮಾತ್ರ, ಉಪ್ಪು ಅಲ್ಲೇ ಉಳಿಯುತ್ತದೆ. ಆದ್ದರಿಂದ ಇಳಿದಷ್ಟನ್ನು ಸಿಹಿನೀರಿನಿಂದಲೇ ತುಂಬಬೇಕು. ಇದನ್ನು ಭಾವಮೈದನಿಗೆ ಬಾಯಿಪಾಠ ಮಾಡಿಸಿ ರಾಯರು ನಾಲ್ಕು ದಿನ ಮದುವೆಗೆ ಹೋದರು. “ಸಮುದ್ರದ ಮೀನಿಗೆ ಸಪ್ಪೆ ನೀರೇ, ಪಾಪ” ಎಂದು ಅವನು ಮರುಗಿ, ದಿನಾ ಒಂದೂವರೆ ಲೀಟರ್ ಉಪ್ಪುನೀರನ್ನೇ ಸುರಿದ. 35 ಇದ್ದ ಲವಣಾಂಶ 39ಕ್ಕೆ ಏರಿತ್ತು. ಝೋವಾಗಳು ಮುಷ್ಟಿ ಬಿಗಿದು ಕೂತಿದ್ದವು. ರಾಯರಿಗೂ ಅವನಿಗೂ ಈಗ ಮಾತು ಹಬ್ಬಹರಿದಿನಕ್ಕೆ ಮಾತ್ರ.

ಕರೆಂಟು ಹೋದರೆ ಮನೆಯಲ್ಲಿ ಮೊದಲು ಏಳುವವರು ರಾಯರು. ಪಂಪಿನ ಗುಂಯ್‌ಗುಟ್ಟುವಿಕೆ ನಿಂತರೆ ನೀರಿಗೆ ಆಮ್ಲಜನಕ ಬೆರೆಯುವುದೂ ಕಡಿಮೆಯಾಗುತ್ತದೆ. ಇನ್ವರ್ಟರಿನಲ್ಲಿ ಪಂಪು ತಿರುಗುತ್ತದೆ, ಅಮ್ಮನ ಫ್ಯಾನು ನಿಲ್ಲುತ್ತದೆ.

ಮೀನು ಎರಡೇ, ಕ್ಲೌನ್ ಜೋಡಿ. ಮಗಳು ಡೋರಿಯೂ ಬೇಕೆಂದಳು. ಅದು ಒಂದಡಿ ಬೆಳೆಯುವ ಮೀನು, ತೊಟ್ಟಿಯ ಅಗಲವೇ ಒಂದಡಿ. ಕ್ಲೌನ್ ಮೀನನ್ನು ಸಮುದ್ರದಿಂದ ಹಿಡಿಯಬೇಕಾಗಿಯೂ ಇಲ್ಲ. ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆ ತೊಟ್ಟಿಯಲ್ಲೇ ಮರಿ ಮಾಡಿಸುವ ವಿಧಾನವನ್ನು ರೂಢಿಸಿದೆ. ಮರಿಗಳೆಲ್ಲ ಮೊದಲು ಗಂಡಾಗುತ್ತವೆ, ಗುಂಪಿನಲ್ಲಿ ದೊಡ್ಡದು ಹೆಣ್ಣಾಗಿ ಯಜಮಾನಿಕೆ ಹಿಡಿಯುತ್ತದೆ. ಇದನ್ನು ಕೇಳಿದ ಮೇಲೆ ಹೆಂಡತಿಗೆ ಈ ಹವ್ಯಾಸದ ಮೇಲೆ ತುಸು ಗೌರವ ಬಂತು.

ವರ್ಷವಾಗುವಷ್ಟರಲ್ಲಿ ಹಸಿರು ಸ್ಟಾರ್ ಪಾಲಿಪ್ ಹಿಂದಿನ ಗಾಜನ್ನೆಲ್ಲ ಹಬ್ಬಿತ್ತು, ಝೋವಾ ಕಲ್ಲಿನ ಬುಡ ಮುಟ್ಟಿತ್ತು. ತುಂಡು ಕತ್ತರಿಸಿ ಮಾರಿ ಬಂಡವಾಳ ವಾಪಸು ಪಡೆಯುವುದು ರಾಯರ ಈಗಿನ ಯೋಜನೆ. ಝೋವಾ ಕತ್ತರಿಸುವಾಗ ಕೈಗವಸು, ಕನ್ನಡಕ ಎರಡೂ ಬೇಕು. ಕೆಲವು ಬಗೆಗಳಲ್ಲಿ ಪ್ಯಾಲಿಟಾಕ್ಸಿನ್ ಎಂಬ ಉಗ್ರ ವಿಷವಿದೆ, ಅಂಥದು ಅಂಟಿದ ಕಲ್ಲನ್ನು ಕುದಿಸಿ ಆ ಹಬೆಗೇ ಆಸ್ಪತ್ರೆ ಸೇರಿದವರು ವಿದೇಶಗಳಲ್ಲಿದ್ದಾರೆ. ರಾಯರು ಇದನ್ನು ಊಟದ ಹೊತ್ತಿನಲ್ಲಿ ಓದಿ ಹೇಳಿದ್ದರಿಂದ ಅಡುಗೆಮನೆಯ ಕತ್ತರಿ, ಚಾಕು ಎಲ್ಲ ಅಂದಿನಿಂದ ಬೀಗದೊಳಗಿವೆ.

ಮೊದಲ ತುಂಡನ್ನು ಮೇಲಿನ ಮನೆಯ ನಿವೃತ್ತ ಇಂಜಿನಿಯರಿಗೆ ಸ್ಯಾಂಪಲ್ಲೆಂದು ಕೊಡಲು ಹೋದರು. ಅವರು ಕನ್ನಡಕ ಏರಿಸಿ ನೋಡಿ, “ಪುಕ್ಕಟೆ ತಾನೇ?” ಎಂದರು.

“ಪೂರ್ತಿ ಪುಕ್ಕಟೆ ಸಾರ್. ನೀರು ಮಾತ್ರ ನಿಮ್ಮದು.”

ಹೆಂಡತಿ ಹಿಂದೆಯೇ ಮೆಟ್ಟಿಲು ಹತ್ತಿ ಬಂದವಳು, “ಅಂಕಲ್, ತಗೊಳ್ಳೋ ಮುಂಚೆ ಆಂಟಿನ ಒಂದು ಮಾತು ಕೇಳಿ” ಎಂದಳು.